ಹೊಳೆ ಕುಡಿದ ಮರ

ಮಳೆ ಹಿಡಿದು ಎಂಟನೆಯ ದಿನ. ಒಗೆದ ಬಟ್ಟೆ ಒಣಗದೆ, ಉಬ್ಬಿಕೊಂಡ ಬಾಗಿಲು ಮುಚ್ಚದೆ ಓಣಿಯವರೆಲ್ಲ ಗೊಣಗುತ್ತಿದ್ದ ಆ ಬುಧವಾರ ಬೆಳಿಗ್ಗೆ, ಹಿತ್ತಿಲ ಶೆಡ್ಡಿನಲ್ಲಿ ಸೊಸೆ ಕೈಗೆ ಗವಸು ಹಾಕಿಕೊಂಡು ರೆಸಿನ್ ಎಂಬ ಅಂಟುದ್ರವ ಕಲಸುತ್ತಿದ್ದಳು. ಒಂದು ಲೋಟ ರೆಸಿನ್, ಅದನ್ನು ಗಟ್ಟಿ ಮಾಡುವ ದ್ರಾವಣ ಅಷ್ಟೇ ಪ್ರಮಾಣ, ಮೇಲೊಂದು ಚಿಟಿಕೆ ನೀಲಿ ಪುಡಿ. ಕಲಸಿದ ಮೇಲೆ ಇರುವುದು ಹನ್ನೆರಡೇ ನಿಮಿಷ. ಅಷ್ಟರೊಳಗೆ ಅಚ್ಚಿನಲ್ಲಿಟ್ಟ ಮರದ ತುಂಡಿನ ಮೇಲೆ ಸುರಿದು, ದೊಡ್ಡ ಕುಕ್ಕರಿನಂಥ ಪಾತ್ರೆಯೊಳಗಿಟ್ಟು, ಮುಚ್ಚಳ ಬಿಗಿದು ಗಾಳಿ ತುಂಬಬೇಕು. ಮರವೂ ರೆಸಿನ್ನೂ ಒಂದೇ ಗಟ್ಟಿಯಾದ ಮೇಲೆ ಲೇತಿಗೆ ಕೊಟ್ಟು ಕಡೆದರೆ ಪೆನ್ನಿನ ಮೈ.

ಇಂದಿನ ತುಂಡು ಅಂಬಿಗ ತಂದುಕೊಟ್ಟದ್ದು. ಮೂವತ್ತು ವರ್ಷ ದೋಣಿ ನಡೆಸಿದ ಹುಟ್ಟಿನಲ್ಲಿ ಹುಳ ಬಿಟ್ಟು ಉಳಿದದ್ದು ಗೇಣುದ್ದ ಮಾತ್ರ, ಅದರಲ್ಲೂ ಒಂದು ಮಗ್ಗುಲು ತೂತು. "ನನ್ನ ದೋಣೀನ ದಡಕ್ಕೆ ಹಾಕಿದ್ದು ಸೇತುವೆ. ಮಗಳಿಗೆ ಕೆಲಸ ಸಿಕ್ಕಿರೋದೂ ಸೇತುವೆ ಕಟ್ಟೋ ಆಫೀಸಲ್ಲೇ. ಸೋಮವಾರ ಹಾಜರಾಗ್ತಾಳೆ. ಮೊದಲನೇ ಸಹಿ ಅಪ್ಪನ ಹುಟ್ಟಲ್ಲೇ ಹಾಕ್ಲಿ ಅಂತ ಆಸೆ. ಕೆಟ್ಟರೆ ಇನ್ನೊಂದಿಲ್ಲಮ್ಮ," ಎಂದು ನಕ್ಕಿದ್ದ. ನಗುವಾಗಲೂ ತುಂಡನ್ನು ಕೈಯಿಂದ ಬಿಟ್ಟಿರಲಿಲ್ಲ.

ಬಾಗಿಲಲ್ಲಿ ನೆರಳಾಯಿತು. ಮಾವ. ಓಣಿಯ ಅರ್ಧ ಮನೆಗಳ ಬಾಗಿಲು ಅವರ ಕೈಯವು. ಕಣ್ಣಿಗೆ ಪೊರೆ ಬಂದು, ಬೆರಳು ನಡುಗತೊಡಗಿದ ಮೇಲೆ ಉಳಿ ಕೆಳಗಿಟ್ಟವರು. ಸೊಸೆಯ ಶೆಡ್ಡಿಗೆ ಕಾಲಿಟ್ಟವರಲ್ಲ. ಮನೆಗೆ ಬಂದವರ ಮುಂದೆ "ನಮ್ಮ ಸೊಸೆ ಮರಕ್ಕೆ ಶರಬತ್ತು ಕುಡಿಸ್ತಾಳೆ" ಎಂದು ನಗಿಸುತ್ತಿದ್ದರು. ಇವತ್ತು ಜಗಲಿ ಸೋರುತ್ತಿತ್ತು, ಒಣ ಜಾಗ ಹುಡುಕಿಕೊಂಡು ಬಂದಿದ್ದರು.

"ಶರಬತ್ತು ಆಯ್ತೇನಮ್ಮ?"

"ಮಾತಾಡಿಸ್ಬೇಡಿ ಮಾವ, ಗಡಿಯಾರ ಓಡ್ತಾ ಇದೆ."

"ಯಾವ ಮರ ಅದು? ಇಲ್ಲಿ ಕೊಡು ನೋಡೋಣ."

ಬಾಯಿ ಮುಚ್ಚಿಸಿದರೆ ಸಾಕೆಂದು ಎಡಗೈಯಲ್ಲೇ ಎತ್ತಿ ಕೊಟ್ಟಳು. ಮಾವ ಅದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದರು. ತಿರುಗಿಸಿ ಇನ್ನೊಂದು ತುದಿ ತಟ್ಟಿದರು. ಕೊನೆಗೆ ನಡುವೆ.

"ಹಸಿ."

"ಎಲ್ಲಿ ಹಸಿ? ಆರು ದಿನ ಓವನ್ನಲ್ಲಿತ್ತು. ಮೂರು ದಿನದಿಂದ ತೂಕ ಇಳಿದಿಲ್ಲ, ತಕ್ಕಡಿ ಮುಳ್ಳು ಅಲ್ಲಾಡಿಲ್ಲ."

"ಯಾವ ತಕ್ಕಡಿ?"

"ಅಡುಗೆಮನೇದು."

"ಹಿಟ್ಟು ತೂಗೋದ್ರಲ್ಲಿ ಮರ ತೂಗಿದ್ಯಾ? ಅರ್ಧ ಚಮಚ ನೀರು ಅದರ ಗಮನಕ್ಕೇ ಬರಲ್ಲ. ತುದಿ ಎರಡೂ ಟಣ್ ಅಂತಾವೆ, ನಡು ದುಬ್ ಅನ್ನುತ್ತೆ. ಒಳಗೆ ಇನ್ನೂ ಹೊಳೆ ಇದೆ ಕಣಮ್ಮ."

ಸೊಸೆ ಗಡಿಯಾರ ನೋಡಿದಳು. ಇನ್ನು ಏಳು ನಿಮಿಷ. ಹಸಿಯಿದ್ದರೆ ರೆಸಿನ್ ಕಾದ ಹಾಲಿನಂತೆ ನೊರೆಯೇಳುತ್ತದೆ, ತುಂಡು ಕೆಟ್ಟಂತೆಯೇ. ಹಸಿಯಿಲ್ಲದಿದ್ದೂ ಸುರಿಯದೆ ನಿಲ್ಲಿಸಿದರೆ ಇದ್ದ ಕೊನೆಯ ಬಾಟಲಿಯ ರೆಸಿನ್ ಮಣ್ಣುಪಾಲು. ಹೊಸದು ಬಸ್ಸಿನಲ್ಲಿ ಬರುವುದು ಶನಿವಾರ, ಬಂದರೆ.

"ಖಂಡಿತಾನಾ ಮಾವ?"

ಅವರು ಆಣೆ ಇಡಲಿಲ್ಲ. ತುಂಡನ್ನು ಅವಳ ಕಿವಿಗೆ ಹಿಡಿದು ಮತ್ತೆ ತಟ್ಟಿದರು. ಅವಳಿಗೆ ಕೇಳಿಸಿದ್ದು ತಗಡಿನ ಮೇಲಿನ ಮಳೆ.

"ನಂಗೇನೂ ಗೊತ್ತಾಗ್ಲಿಲ್ಲ."

"ನಂಗೂ ಗೊತ್ತಾಗೋಕೆ ಹದಿನೈದು ವರ್ಷ ಹಿಡೀತು," ಎಂದರು ಮಾವ, ಇವತ್ತು ಯಾವ ವಾರ ಎಂದು ಹೇಳುವ ದನಿಯಲ್ಲಿ.

ಆ ದನಿಗೇ ಅವಳು ಸೋತದ್ದು. ಸಣ್ಣ ಗರಗಸ ತೆಗೆದು, ತುಂಡಿನ ನಡುಭಾಗದಲ್ಲಿ, ಹೇಗೂ ಕಡೆಯುವಾಗ ಉದುರುವ ಹೊರ ಅಂಚಿನಿಂದ ಬೆರಳುಗುರಷ್ಟು ಚೂರು ಕೊಯ್ದಳು. ಅದನ್ನು ಲೋಟದ ರೆಸಿನ್ನಿಗೆ ಹಾಕಿ ಕೈಕಟ್ಟಿ ನಿಂತಳು. ಲೋಟ ಬೆಚ್ಚಗಾಯಿತು. ಚೂರಿನ ಮೈಯಿಂದ ಸಾಸಿವೆಯಂಥ ಗುಳ್ಳೆಗಳು ಒಂದರ ಹಿಂದೊಂದು ಎದ್ದವು; ನೋಡನೋಡುತ್ತ ನೊರೆ ಅಂಚು ದಾಟಿ ಮೇಜಿಗೆ ಇಳಿದು ಅಲ್ಲೇ ಗಟ್ಟಿಯಾಯಿತು.

"ಏನಾಯ್ತು?" ಮಾವನಿಗೆ ಕಾಣದು. ಅವಳು ಲೋಟವನ್ನು ಅವರ ಕೈಗಿಟ್ಟಳು. ಬೆರಳು ತೂತುತೂತಾದ ಆ ಗಡ್ಡೆಯ ಮೇಲೆ ಓಡಾಡಿತು. ನಾನು ಹೇಳಲಿಲ್ಲವೇ ಎನ್ನಲಿಲ್ಲ ಅವರು. "ಪಾಪ, ದುಬಾರಿ ಸಾಮಾನೇನೋ," ಎಂದರು.

ತುಂಡು ಮತ್ತೆ ಓವನ್ನಿಗೆ ಹೋಯಿತು. ಬೆಳಿಗ್ಗೆ ಸಂಜೆ ಅದನ್ನು ತೆಗೆದು, ಆರಿಸಿ, ಮಾವನ ಕೈಗೆ ಕೊಡುವುದು. ಅವರು ತಟ್ಟಿ ಇನ್ನೂ ಇಲ್ಲವೆಂದು ತಲೆಯಲ್ಲಾಡಿಸುವುದು. ಶುಕ್ರವಾರ ಸಂಜೆ ಎರಡೆರಡು ಸಲ ತಟ್ಟಿ, "ಹೊಳೆ ಹೋಯ್ತು," ಎಂದರು. ಶನಿವಾರದ ಬಸ್ಸು ಒಂದು ಗಂಟೆ ತಡವಾಗಿಯಾದರೂ ಬಾಟಲಿ ತಂದಿತು; ಅಂದೇ ಕಲಸಿ ಸುರಿದಳು. ಭಾನುವಾರ ಮಧ್ಯಾಹ್ನ ಲೇತಿನ ಮೇಲೆ ಸುರುಳಿ ಸುರುಳಿಯಾಗಿ ಹೊಟ್ಟು ಹಾರಿ, ಹುಳ ಕೊರೆದ ದಾರಿಗಳೆಲ್ಲ ನೀಲಿಯಾಗಿ ತೆರೆದುಕೊಂಡವು. ಒಂದು ಗುಳ್ಳೆಯಿಲ್ಲ. ಅವಳು ಪಾಲಿಶ್ ಹಿಡಿಸಿ, ನಿಬ್ಬು ಕೂರಿಸಿ, ಸೆರಗಿನಿಂದ ಒರೆಸಿ ಪೆನ್ನನ್ನು ಮಾವನ ಅಂಗೈಯಲ್ಲಿಟ್ಟಳು.

ಅವರ ಹೆಬ್ಬೆರಳು ಒಂದು ತುದಿಯಿಂದ ಇನ್ನೊಂದಕ್ಕೆ ಹೋಯಿತು. ಅಲ್ಲಿಂದ ಹಿಂದಿರುಗಿತು.

"ಮರ ಎಲ್ಲಿ ಮುಗೀತು? ಇದು ಎಲ್ಲಿ ಶುರುವಾಯ್ತು?"

"ನೀವೇ ಹುಡುಕಿ."

ಬಾಗಿಲ ಹಲಗೆಗಳ ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಉಗುರಿಗೆ ಸಿಕ್ಕಿಸಿಕೊಂಡು, ಪಟ್ಟಿ ಕಿತ್ತು ಮತ್ತೆ ಕೂರಿಸುತ್ತಿದ್ದ ಮನುಷ್ಯ. ಕುರ್ಚಿಯ ತುದಿಗೆ ಸರಿದು ಕೂತರು. ಹೊರಗೆ ಗೇಟು ಕಿರುಗುಟ್ಟಿತು. ಅಂಬಿಗ ಕೆಮ್ಮಿದ ಸದ್ದು, ಹಿಂದೆ ಮಗಳ ದನಿ.

"ಬಂದ್ರು ಮಾವ, ಕೊಡಿ."

"ಸ್ವಲ್ಪ ಕೂತಿರೋಕೆ ಹೇಳಮ್ಮ," ಎಂದರು ಮಾವ, ಹೆಬ್ಬೆರಳು ಎತ್ತದೆ. "ಇನ್ನೂ ಸಿಕ್ಕಿಲ್ಲ."