ಮುಚ್ಚಿಹೋದ ಸ್ಟೇಷನ್

“ಸ್ಟೇಷನ್ನೇ ಮುಚ್ಚಿಬಿಟ್ರಂತಮ್ಮ,” ಎಂದ ಮಗ, ತಾಯಿಯ ಮುಖ ನೋಡದೆ. ರೇಡಿಯೊದ ಕಿವಿ ಹಿಂಡಿ ಹಿಂಡಿ ಸೋತಿದ್ದ ತಾಯಿ ಕೈಬಿಟ್ಟಳು. ಅದರ ಬೆನ್ನಿನಿಂದ ಕಿತ್ತ, ಪುಟ್ಟ ಬಲ್ಬಿನಂಥ ಗಾಜಿನ ವಾಲ್ವು ಆಗ ಅವನ ಅಂಗಿ ಜೇಬಿನಲ್ಲೇ, ಕರ್ಚೀಫಿನೊಳಗೆ ಬೆಚ್ಚಗಿತ್ತು.

“ಮುಚ್ಚಿದ್ರಾ? ನಿನ್ನೆ ತಾನೆ ಭಾನುವಾರದ ನಾಟಕದಲ್ಲಿ ಆ ಮಾವ ಸೊಸೆ ಮೇಲೆ ಕಳ್ಳತನ ಹೊರಿಸಿದ್ದ. ಅವಳು ಬಾಯಿ ಬಿಡೋ ಹೊತ್ತಿಗೆ ಸರಿಯಾಗಿ ನಿಲ್ಸಿದ್ರು, ಹಾಳಾದೋರು.”

“ಕಾಲ ಬದಲಾಯ್ತಮ್ಮ. ಈಗ ರೇಡಿಯೊ ಯಾರು ಕೇಳ್ತಾರೆ?”

“ನಾನು ಕೇಳ್ತೀನಲ್ಲೋ!”

ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ವಾರವೆಲ್ಲ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ, ಶನಿವಾರ ಸಂಜೆ ಮಾತ್ರ ಹೋಟೆಲಿನ ವಾದ್ಯತಂಡದಲ್ಲಿ ಗಿಟಾರು. ಆ ಒಂದು ಸಂಜೆಗಾಗಿಯೇ ಮಿಕ್ಕ ದಿನಗಳನ್ನು ಸಹಿಸುತ್ತಿದ್ದ. ಅಲ್ಲಿಗೂ ಒಬ್ಬ ಹೊಸಬ ವಕ್ಕರಿಸಿದ್ದ, ಕಾಲಿನಲ್ಲಿ ಒತ್ತುವ ದುಬಾರಿ ಪೆಡಲ್ ಪೆಟ್ಟಿಗೆ ಹಿಡಿದುಕೊಂಡು. ಗಿಟಾರಿನ ದನಿ ಅದರೊಳಗೆ ಹೊಕ್ಕು, ಉಬ್ಬಿ, ಸ್ವಲ್ಪ ಒಡೆದು ಸ್ಪೀಕರಿಗೆ ಹೋಗುತ್ತಿತ್ತು. ತಂಡದ ಯಜಮಾನ ಕಣ್ಣು ಮುಚ್ಚಿ ಕೇಳಿ, “ಇದು ವಾಲ್ವಿನ ದನಿ ಕಣೋ, ಬೆಚ್ಚಗಿದೆ. ನಿನ್ನದು ತಣ್ಣಗೆ ಕೊರೆಯುತ್ತೆ. ಮುಂದಿನ ಭಾನುವಾರ ಮನೆಗೆ ಬರ್ತೀನಿ. ಬೆಚ್ಚಗೆ ಕೇಳಿಸಿದ್ರೆ ನೀನು, ಇಲ್ಲದಿದ್ರೆ ಅವನು,” ಎಂದಿದ್ದ. ಬೆಚ್ಚಗೆ ಎಂದರೆ ಏನೆಂದು ಹೇಳಿದವನಿಗೂ ಗೊತ್ತಿರಲಿಲ್ಲ, ಕೇಳಿದವನಿಗೂ ಗೊತ್ತಿರಲಿಲ್ಲ. ಆದರೂ ಇಬ್ಬರೂ ಗಂಭೀರವಾಗಿ ತಲೆಯಾಡಿಸಿದ್ದರು.

ಅಂಥ ಪೆಡಲ್ಲನ್ನು ಮನೆಯಲ್ಲೇ ಕಟ್ಟುವುದೆಂದು ಇವನು ಹೊರಟ. ಕೋಣೆಯ ಮೇಜಿನ ಮೇಲೆ ತಂತಿ, ಬೆಸುಗೆ, ಸುಟ್ಟ ವಾಸನೆ. ತಂತಿಗಳೇನೋ ಸರಿಯಾಗಿಯೇ ಕೂತವು. ಎಲ್ಲವನ್ನೂ ಲೋಹದ ಡಬ್ಬಿಯೊಳಗೆ ಮುಚ್ಚಬೇಕು, ಇಲ್ಲದಿದ್ದರೆ ಗಾಳಿಯಲ್ಲಿ ತೇಲುವ ಕಂಡಕಂಡ ಸಿಗ್ನಲ್ಲೆಲ್ಲ ಒಳಗೆ ನುಗ್ಗುತ್ತದೆ ಎಂದು ಪೆಡಲ್ಲಿನ ನಕ್ಷೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಹೆಂಡತಿ ಗೊಣಗುತ್ತಲೇ ಒಂದು ಹಳೆಯ ಸ್ಟೀಲ್ ಡಬ್ಬಿ ತಂದಿಟ್ಟಳು.

“ಇದರೊಳಗೆ ಇಟ್ರೆ ವಾಲ್ವು ಉರಿಯೋದು ಯಾರಿಗೆ ಕಾಣುತ್ತೆ?” ಎಂದು ಅವನು ಅದನ್ನು ಪಕ್ಕಕ್ಕೆ ತಳ್ಳಿದ.

“ಕೇಳೋ ಸಾಮಾನು ಅಲ್ವೇನ್ರೀ ಅದು? ನೋಡೋಕೇನಿದೆ?”

“ನಿನಗೆ ಅರ್ಥ ಆಗೋಲ್ಲ ಬಿಡು.”

ಹೆಂಡತಿಗೆ ಈ ಮಾತು ಹೇಳುವ ಗಂಡಸು ಮುಂದಿನ ಕ್ಷಣವೇ ಕತ್ತೆಯೂ ಮಾಡದ ಕೆಲಸ ಮಾಡುತ್ತಾನೆ. ಇವನೂ ಮಾಡಿದ. ಬಿಸ್ಕತ್ತು ತುಂಬಿಡುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನು ಖಾಲಿ ಮಾಡಿ, ಅದರ ಮುಚ್ಚಳದಲ್ಲಿ ತೂತು ಕೊರೆದು, ವಾಲ್ವನ್ನು ಕಿರೀಟದ ಹಾಗೆ ನಿಲ್ಲಿಸಿದ.

ಭಾನುವಾರ ಹನ್ನೊಂದಕ್ಕೆ ಯಜಮಾನ ಬಂದು ಸೋಫಾದಲ್ಲಿ ಕಾಲು ಚಾಚಿದ. ತಾಯಿ ಮೂಲೆಯಲ್ಲಿ ಸೊಪ್ಪು ಸೋಸುತ್ತಿದ್ದಳು. ಇವನು ಗಿಟಾರು ಕೊರಳಿಗೆ ಹಾಕಿಕೊಂಡು ಪೆಡಲ್ ಒತ್ತಿದ. ವಾಲ್ವು ಕೆಂಪಗೆ ಹೊಳೆಯಿತು. “ಓಹೋ!” ಎಂದ ಯಜಮಾನ, ಇನ್ನೂ ಒಂದು ಸ್ವರವೂ ಹೊರಡುವ ಮುಂಚೆ. ಇವನು ಬೀಗುತ್ತ ತಂತಿಗಳ ಮೇಲೆ ಅಂಗೈ ಊರಿದ.

“ಇನ್ನು ಸುಮ್ಮನಿರಲಾರೆ, ಮಾವ!” ಎಂದಿತು ಸ್ಪೀಕರ್, ಹೆಂಗಸಿನ ದನಿಯಲ್ಲಿ.

ತಾಯಿಯ ಕೈಯಿಂದ ಸೊಪ್ಪು ಬಿತ್ತು. “ನನ್ನ ಸೊಸೆ!” ಎಂದು ಕೂಗಿದಳು. ಅಡುಗೆಮನೆಯಿಂದ ನಿಜವಾದ ಸೊಸೆ ಓಡಿ ಬಂದಳು.

ಅವನು ಬೆಚ್ಚಿ ಕೈ ಎತ್ತಿದ. ದನಿ ಅಡಗಿ, ಬರೀ ಗುಂಯ್ ಎಂಬ ಸದ್ದು.

“ಇಡೋ ಕೈನ! ಇಡು ಅಂದೆ!” ತಾಯಿ ಎದ್ದು ನಿಂತಿದ್ದಳು.

ಅವನು ಇಟ್ಟ. ಅವನ ಮೈಯೇ ಏರಿಯಲ್ ಆಯಿತೇನೋ, ನಾಟಕದ ಸೊಸೆ ಮತ್ತೆ ಬಂದಳು. ಏನೋ ಮಾಡಿ ಮಾನ ಉಳಿಸಿಕೊಳ್ಳೋಣವೆಂದು ಅವನು ಒಂದು ತಂತಿ ಮೀಟಿದ್ದಕ್ಕೆ ಯಜಮಾನನೇ, “ಶ್! ಕೆರೀಬೇಡ ಕಣೋ,” ಎಂದು ಗದರಿ, ತಾಯಿಯ ಕಡೆ ಬಾಗಿ, “ಯಾರಮ್ಮ ಇವಳು, ಯಾಕೆ ಅಳ್ತಿದ್ದಾಳೆ?” ಎಂದು ಕೇಳಿದ. ತಾಯಿ ಮಾವನ ಕಥೆ, ಕಳುವಾದ ಸರದ ಕಥೆ ಎಲ್ಲವನ್ನೂ ಉಸಿರು ಬಿಡದೆ ಒಪ್ಪಿಸಿದಳು.

“ಕಳ್ಳ ಹೊರಗಿನವನಲ್ಲ, ಮಾವ,” ಎಂದು ಬಿಕ್ಕಿದಳು ಸ್ಪೀಕರಿನ ಸೊಸೆ. “ಈ ಮನೆಯವನೇ. ನಿಮ್ಮ ಮಗನೇ!”

“ಛೇ! ಎಂಥ ಮಗ!” ಎಂದ ಯಜಮಾನ.

ತಾಯಿ ಬಿಸ್ಕತ್ತಿನ ಡಬ್ಬಿಯ ಮೇಲೆ ಉರಿಯುತ್ತಿದ್ದ ವಾಲ್ವನ್ನು ನೋಡಿದಳು. ಆಮೇಲೆ ಮಗನನ್ನು ನೋಡಿದಳು. “ನಮ್ಮ ರೇಡಿಯೊದೊಳಗೂ ಇಂಥದ್ದೇ ಒಂದಿತ್ತು,” ಎಂದಳು ಮೆಲ್ಲಗೆ. “ಮುಚ್ಚಿಹೋದ ಸ್ಟೇಷನ್ನು ಚೆನ್ನಾಗಿ ಬರ್ತಿದೆ, ಅಲ್ವೇನಪ್ಪ?”

“ಈಗಲೇ ಕಿತ್ತು ವಾಪಸ್ ಹಾಕಿಬಿಡ್ತೀನಮ್ಮ.”

“ಯಾಕೆ? ಆ ರೇಡಿಯೊ ಡಬ್ಬಕ್ಕಿಂತ ಇದರಲ್ಲೇ ಸ್ಪಷ್ಟವಾಗಿದೆ.”

ನಾಟಕ ಮುಗಿಯಿತು. ಯಜಮಾನ ಕಣ್ಣೊರೆಸಿಕೊಂಡು ಎದ್ದು, ಇವನ ಬೆನ್ನು ತಟ್ಟಿದ. “ಬೆಚ್ಚಗೆ ಅಂದ್ರೆ ಇದೇ ನೋಡು. ಆ ಹೆಂಗಸಿನ ದನಿ! ಶನಿವಾರಕ್ಕೆ ಆ ಹೊಸಬನೇ ಬರ್ಲಿ ಬಿಡು. ನಿನಗೆ ಮನೇಲೇ ಕೆಲಸ ಇದೆ.”

ಅವನನ್ನು ತಡೆಯಲು ಇವನು ಗಿಟಾರಿನ ಪಟ್ಟಿ ಬಿಚ್ಚಹೋದ. ತಾಯಿ ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡು, ಸೊಪ್ಪಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

“ಕೈ ತೆಗೀಬೇಡ, ವಾರ್ತೆ ಇದೆ ಇನ್ನೂ,” ಎಂದಳು, ತಿರುಗಿ ನೋಡದೆ. “ನಾಳೆ ಆಫೀಸಿಗೆ ರಜಾ ಹಾಕು.”