ಬಿಗಿ ಪಿಸ್ಟನ್

ಆ ಮನೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಈ ಶನಿವಾರದ ಬೆಳಿಗ್ಗೆ ಹತ್ತೂಕಾಲು ಗಂಟೆಯನ್ನು ತಪ್ಪದೆ ನಮೂದಿಸಬೇಕು. ಮೂವತ್ತೆರಡು ವರ್ಷಗಳ ದಾಂಪತ್ಯದಲ್ಲಿ ಮೊದಲ ಬಾರಿಗೆ ಗಡಿಯಾರ ರಿಪೇರಿಯವರು ತಮ್ಮ ಭಾವಮೈದುನನನ್ನು ಸಹಾಯಕ್ಕೆ ಕರೆಯಲು ಒಪ್ಪಿದರು. ಒಪ್ಪಿದರು ಎಂದರೆ, ಹೆಂಡತಿ ಅವನಿಗೆ ಫೋನ್ ಮಾಡುವಾಗ ಕಿವಿಗೇ ಬೀಳದವರ ಹಾಗೆ ಸ್ಪ್ಯಾನರ್ ಒರೆಸುತ್ತ ನಿಂತಿದ್ದರು. ಅವರ ಮಟ್ಟಿಗೆ ಅದು ಶರಣಾಗತಿಯೇ.

ಸೋತದ್ದು ಒಂದು ಮೋಟಾರ್ ಸೈಕಲ್ಲಿನ ಎದುರು. ಹಿತ್ತಲಿನ ಶೆಡ್ಡಿನಲ್ಲಿ ಅದು ನಾಲ್ಕು ವರ್ಷಗಳಿಂದ ಹುಟ್ಟುತ್ತಲೇ ಇತ್ತು. ಚಾಸಿ ಒಂದು ಗುಜರಿಯಿಂದ ಬಂದದ್ದು, ಟ್ಯಾಂಕು ಇನ್ನೊಂದರಿಂದ. ಹ್ಯಾಂಡಲ್ಲನ್ನು ಅವರೇ ಬಗ್ಗಿಸಿದ್ದರು. ಎಂಜಿನ್ ಮಾತ್ರ ವಯಸ್ಸಿನಲ್ಲಿ ಅವರಿಗಿಂತ ಆರು ವರ್ಷ ದೊಡ್ಡದು. ಅದು ಎರಡು ಸಲ ಶುರುವಾಗಿ, ಎರಡು ಸಲವೂ ನಾಲ್ಕೇ ನಿಮಿಷ ಓಡಿ, ಕಿರ್ರೆಂದು ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಂಡು ಕಲ್ಲಾಗಿತ್ತು. ಮೊದಲ ಸಲ ಅವರು ಕೆಲಸದಲ್ಲಿ ನಾಜೂಕು ಸಾಲದೆಂದುಕೊಂಡರು. ಗೀರು ಬಿದ್ದ ಸಿಲಿಂಡರನ್ನು ಲೇತಿನಲ್ಲಿ ಕೊರೆಸಿ, ಹೊಸ ಪಿಸ್ಟನ್ ತಂದು, ಇನ್ನೂ ಬಿಗಿಯಾಗಿ ಕೂರಿಸಿದರು. ಎರಡನೆಯ ಸಲ ಅಂದುಕೊಂಡದ್ದೂ ಅದನ್ನೇ. "ಸ್ವಲ್ಪ ಸಡಿಲ ಇರ್ಲಿ ಸಾರ್" ಎಂದ ಲೇತಿನವನ ಸಹವಾಸವೇ ಬೇಡವೆಂದು ಕೊನೆಯ ನಯವನ್ನು ತಾವೇ ತೀಡಿದರು. ಈಗ ಬೆಂಚಿನ ಮೇಲಿರುವುದು ಮೂರನೆಯ ಪಿಸ್ಟನ್. ಇನ್ನೊಮ್ಮೆ ಹಿಡಿದುಕೊಂಡರೆ ಕೊರೆಸುವುದಕ್ಕೆ ಸಿಲಿಂಡರಿನಲ್ಲಿ ಗೋಡೆ ಉಳಿದಿಲ್ಲ, ಅಂಥ ಇನ್ನೊಂದು ಸಿಲಿಂಡರ್ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಗಾಡಿ ಮತ್ತೆ ಗುಜರಿಗೇ.

ಭಾವಮೈದುನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಕ್ಕನ ಮದುವೆಯಾದ ವರ್ಷ ಭಾವನ ಅಂಗಡಿಯ ಗೋಡೆ ಗಡಿಯಾರಕ್ಕೆ ಮುಷ್ಟಿಯಲ್ಲಿ ಒಂದು ಗುದ್ದು ಕೊಟ್ಟು ಓಡಿಸಿದ್ದಕ್ಕೆ ಅವನಿಗೆ 'ಸುತ್ತಿಗೆ' ಎಂಬ ಹೆಸರು ಬಿದ್ದಿತ್ತು. ಗಡಿಯಾರ ನಿಜಕ್ಕೂ ಓಡಿತ್ತು. ಗಡಿಯಾರದವರಿಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.

"ಏನ್ ಭಾವ, ಇಷ್ಟು ದೊಡ್ಡ ಟೈಂಪೀಸ್ ಯಾರು ತಂದ್ಕೊಟ್ರು?" ಎನ್ನುತ್ತಲೇ ಸುತ್ತಿಗೆ ಶೆಡ್ಡಿಗೆ ಬಂದ.

"ಮಾತು ಕಮ್ಮಿ ಮಾಡಿ ಸಿಲಿಂಡರ್ ನೋಡು."

ಸುತ್ತಿಗೆ ಸಿಲಿಂಡರನ್ನು ಎತ್ತಿಕೊಂಡ. ಒಳಗೆ ರಿಂಗು ಹಾಕದ ಪಿಸ್ಟನ್ ಕೂತಿತ್ತು. ಬೋರಲು ಮಾಡಿದ, ಅಲುಗಾಡಿಸಿದ. ಪಿಸ್ಟನ್ ಕದಲಲಿಲ್ಲ.

"ನೋಡಿದ್ಯಾ? ಉಸಿರು ಕೂಡ ನುಸುಳಲ್ಲ," ಎಂದರು ಗಡಿಯಾರದವರು. ಹೆಮ್ಮೆ ತಡೆಯಲಾಗಲಿಲ್ಲ.

"ಅದೇ ರೋಗ. ಅಲ್ಲ ಭಾವ, ಗಡಿಯಾರ ಬಿಚ್ಚುವಾಗ ಯಾವತ್ತಾದ್ರೂ ಕೈ ಸುಟ್ಕೊಂಡಿದ್ದೀರಾ?"

"ಗಡಿಯಾರ ಯಾಕೋ ಸುಡುತ್ತೆ?"

"ಇದು ಸುಡುತ್ತೆ. ಬಿಸಿ ಆದ್ರೆ ಪಿಸ್ಟನ್ ಉಬ್ಬುತ್ತೆ. ಉಬ್ಬೋಕೆ ನೀವು ಜಾಗಾನೇ ಬಿಟ್ಟಿಲ್ಲ. ಹೀಗೆ ಎತ್ತಿ ಹಿಡಿದ್ರೆ ಇದು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳೀಬೇಕು. ಗಾಳಿ ತಡೆಯೋದು ರಿಂಗಿನ ಕೆಲಸ, ಇದರದ್ದಲ್ಲ."

"ಅಡುಗೆಮನೆ ಕಡೆ ಒಂದಿನ ತಲೆ ಹಾಕಿದ್ರೆ ತಾನೇ ಬಿಸಿ ಅಂದ್ರೇನು ಅಂತ ಗೊತ್ತಾಗೋದು," ಎಂದರು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

ಗಡಿಯಾರದವರು ಸಿಲಿಂಡರನ್ನು ಅವನ ಕೈಯಿಂದ ಕಸಿದುಕೊಂಡರು. ನಲವತ್ತು ವರ್ಷ ಅವರ ಬೆಂಚಿನಲ್ಲಿ ಸಡಿಲ ಎಂಬುದು ಬೈಗುಳವಾಗಿತ್ತು. ಇದು ಅವರು ಬದುಕಿನಲ್ಲಿ ಮಾಡಿದ ಅತ್ಯಂತ ಬಿಗಿಯಾದ ಜೋಡಣೆ. ಹನ್ನೊಂದು ದಿನದ ಕೆಲಸ. ಸುತ್ತಿಗೆ ಎಮರಿ ಕಾಗದಕ್ಕೆ ಕೈ ಚಾಚಿದ.

"ಕೊಡಿ, ಅರ್ಧ ಗಂಟೇಲಿ ಉಜ್ಜಿ ಬಿಸಾಕ್ತೀನಿ."

"ಮುಟ್ಟಬೇಡ! ಕೆಡಿಸೋದಿದ್ರೂ ನಾನೇ ಕೆಡಿಸ್ತೀನಿ."

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂತರು. ಸಿಲಿಂಡರಿನ ಒಳಗೋಡೆಗೆ ಎಣ್ಣೆ ಸವರಿ ಉಜ್ಜುವುದು, ತೊಳೆಯುವುದು, ಒರೆಸುವುದು, ಪಿಸ್ಟನ್ ಇಳಿಬಿಟ್ಟು ನೋಡುವುದು. ಮೂಲೆಯಲ್ಲಿ ಟೈರಿನ ಮೇಲೆ ಕೂತ ಸುತ್ತಿಗೆ ಪ್ರತಿ ಸಲವೂ "ಇನ್ನೂ" ಎಂದ. ಒಂಬತ್ತು ಸಲ ಎಂದ. ಚಹಾ ಎರಡು ಬಾರಿ ಬಂದು ತಣ್ಣಗಾಯಿತು. ಅಂಗೈಗೆ ಬೊಬ್ಬೆ ಬಂತು. ಕರವಸ್ತ್ರ ಸುತ್ತಿಕೊಂಡು ಮತ್ತೆ ಉಜ್ಜಿದರು. ಮಧ್ಯಾಹ್ನ ಮೂರರ ಹೊತ್ತಿಗೆ, ಕೈಬಿಟ್ಟ ಪಿಸ್ಟನ್ ಒಂದು ಕ್ಷಣ ಅನುಮಾನಿಸಿ, ನಿಧಾನವಾಗಿ ಜಾರಿ, ಕೆಳಗೆ ಹಿಡಿದಿದ್ದ ಸುತ್ತಿಗೆಯ ಬೊಗಸೆಗೆ ಬಂದು ಕೂತಿತು.

"ಈಗ ಸರಿ," ಎಂದ ಸುತ್ತಿಗೆ. ಗಡಿಯಾರದವರು ಹಲ್ಲು ಕೀಳಿಸಿಕೊಂಡವರ ಹಾಗೆ ಮುಖ ತಿರುಗಿಸಿದರು.

ಭಾನುವಾರ ಬೆಳಿಗ್ಗೆ ಐದನೆಯ ಕಿಕ್ಕಿಗೆ ಎಂಜಿನ್ ಹತ್ತಿಕೊಂಡಿತು. ಮೊದಲ ನಾಲ್ಕು ನಿಮಿಷ ಮೂವರೂ ಕೈಗಡಿಯಾರದ ಮುಳ್ಳನ್ನೇ ನೋಡುತ್ತಿದ್ದರು. ಐದನೆಯ ನಿಮಿಷ ಬಂತು, ಹೋಯಿತು.

"ಟಕಟಕ ಅಂತಿದೆಯಲ್ಲೋ," ಎಂದರು ಗಡಿಯಾರದವರು.

"ಅನ್ಲಿ ಬಿಡಿ ಭಾವ. ಬಿಸಿ ಏರಿದ ಮೇಲೆ ತಾನೇ ಸುಮ್ಮನಾಗುತ್ತೆ. ಅಕ್ಕನ ಥರ ಅಲ್ಲ."

ತಮ್ಮನ ತಲೆಗೊಂದು ಮೊಟಕಿ, ಅಕ್ಕ ಹೆಲ್ಮೆಟ್ ಹಾಕಿಕೊಂಡು, ಕೈಚೀಲವನ್ನು ತೋಳಿಗೇರಿಸಿ, ಹಿಂದಿನ ಸೀಟು ಹತ್ತಿದರು.

"ನೀನೆಲ್ಲಿಗೆ ಹೊರಟೆ?"

"ಕೆಟ್ಟು ನಿಂತ್ರೆ ತಳ್ಳೋಕೆ ಒಬ್ಬರು ಬೇಡ್ವೇನ್ರೀ?"

ಇಬ್ಬರೂ ಸೇತುವೆ ದಾಟಿ, ದಿಣ್ಣೆ ಹತ್ತಿ, ಹೆದ್ದಾರಿ ಸೇರುವ ತನಕ ಹೋಗಿ, ಊಟದ ಹೊತ್ತಿಗೆ ಮನೆಗೆ ಬಂದರು. ಅರವತ್ತೆರಡು ಕಿಲೋಮೀಟರ್ ಆಗಿತ್ತು. ಯಾರೂ ತಳ್ಳಲಿಲ್ಲ.