ತುಳಸಾಬಾಯಿಯ ತರ್ಜುಮೆ

ಟಿವಿಯಲ್ಲಿ ಮಹಡಿ ಮೆಟ್ಟಿಲ ಬುಡದಲ್ಲಿ ಹಾಲಿನ ಲೋಟ ಉರುಳಿಬಿದ್ದದ್ದು ಕಂಡ ಕೂಡಲೇ ತುಳಸಾಬಾಯಿಗೆ ಇದು ಯಾವ ಕಂತೆಂದು ನೆನಪಾಯಿತು. ಪಕ್ಕದಲ್ಲಿ ಯಲ್ಲವ್ವ ಕಾಲು ಚಾಚಿ ಕುಳಿತು ಚುರಮುರಿ ತಿನ್ನುತ್ತಿದ್ದಳು. ಕೊಡೆ ಹಿಡಿದ ಪತ್ತೇದಾರನ ಆ ಹಳೆಯ ಹಿಂದಿ ಧಾರಾವಾಹಿಯನ್ನು ಈಗ ಮಧ್ಯಾಹ್ನ ಮೂರಕ್ಕೆ ಮತ್ತೆ ಹಾಕುತ್ತಿದ್ದರು, ಅದೂ ಕನ್ನಡದ ಮಾತು ಕೂಡಿಸಿ. ಎರಡು ತಿಂಗಳಿಂದ ಇಬ್ಬರೂ ಒಂದು ದಿನ ತಪ್ಪಿಸಿರಲಿಲ್ಲ.

"ಇದು ಬ್ಯಾಡ ಯಲ್ಲವ್ವಾ, ತಲಿನೋವಿನ ಕತಿ. ಬ್ಯಾರೆ ಏನರೆ ಹಚ್ಚತೇನಿ," ಎಂದು ತುಳಸಾಬಾಯಿ ರಿಮೋಟಿಗೆ ಕೈ ಚಾಚಿದರು. ಯಲ್ಲವ್ವ ಅದನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಇರಲಿ ಬಿಡ್ರಿ ಬಾಯಾರ. ಹಿಂದ ನೋಡಿದ್ದ ಐತಿ."

ಹಿಂದೆ ನೋಡಿದ್ದೇ ತೊಂದರೆಯಾಗಿತ್ತು. ಮೂವತ್ತೈದು ವರ್ಷದ ಕೆಳಗೆ ಬನಹಟ್ಟಿಯ ಈ ಓಣಿಗೆಲ್ಲ ಇದ್ದದ್ದು ಒಂದೇ ಟಿವಿ, ಜಮಖಂಡಿ ಕೋರ್ಟಿನ ಗುಮಾಸ್ತ ಕೃಷ್ಣಾಜಿಯವರ ಮನೆಯಲ್ಲಿ. ಐತವಾರ ಬೆಳಿಗ್ಗೆ ಮಗ್ಗ ನಿಲ್ಲಿಸಿ ನೇಕಾರರ ಮನೆಗಳೆಲ್ಲ ಅವರ ಪಡಸಾಲೆಗೆ ಬಂದು ಕೂರುತ್ತಿದ್ದವು. ಸಿನಿಮಾ ಹಾಡು ಬಿಟ್ಟರೆ ಹಿಂದಿಯ ಗಂಧ ಯಾರಿಗೂ ಇರಲಿಲ್ಲ. ಹಾಗಾಗಿ ಗುಮಾಸ್ತರ ಹೆಂಡತಿ, ಶಾಲೆಯಲ್ಲಿ ಹಿಂದಿ ಕಲಿತಿದ್ದ ತುಳಸಾಬಾಯಿ, ಟಿವಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅವರು ಹೇಳಿದ್ದೇ ಕಥೆ.

ಆ ವರ್ಷ ಯಲ್ಲವ್ವ ಮತ್ತು ಅವಳ ಗಂಡ ಮಲಕಾಜಪ್ಪ ದುಡಿಯಲು ಹೋಗಿದ್ದ ಊರಿನಿಂದ ಮರಳಿ ಬಂದಿದ್ದರು. ಬಂದ ಎರಡೇ ತಿಂಗಳಿಗೆ ಮಲಕಾಜಪ್ಪ ಒಂದು ಸಂಜೆ ಉಂಡು ಎದ್ದವನು ವಾಂತಿ ಮಾಡಿಕೊಂಡು, ಜಮಖಂಡಿಯ ಆಸ್ಪತ್ರೆ ಮುಟ್ಟುವುದರೊಳಗೆ ಸತ್ತ. ಪೊಲೀಸರು ಬಂದು ಕೇಳಿ, ಏನೂ ಸಿಗದೆ ಹೋದರು. ಓಣಿ ಮಾತ್ರ ಬಿಡಲಿಲ್ಲ. ಅವಳೇ ಏನೋ ಹಾಕಿ ಉಣಿಸಿದಳೆಂದು ಗುಸುಗುಸು ಹಬ್ಬಿತು. ಪಡಸಾಲೆಯಲ್ಲೂ ಅವಳ ಸುತ್ತ ಒಂದು ಮೊಳ ಜಾಗ ಖಾಲಿ ಉಳಿಯುತ್ತಿತ್ತು.

ಸರಿಯಾಗಿ ಅಂಥ ಐತವಾರವೇ ಈ ಕಂತು ಬಂದಿತ್ತು. ಗಂಡನ ಹಾಲಿಗೆ ವಿಷ ಬೆರೆಸಿದವಳು ಹೆಂಡತಿಯೇ ಎಂದು ಪತ್ತೇದಾರ ಹೇಳತೊಡಗಿದ. ಅರ್ಥವಾಗದಿದ್ದರೂ ಅವನ ಬೆರಳು ಯಾರತ್ತ ತಿರುಗಿತೆಂಬುದು ಎಲ್ಲರಿಗೂ ಕಂಡು, ಇಪ್ಪತ್ತು ಕತ್ತುಗಳು ಮೂಲೆಯಲ್ಲಿದ್ದ ಯಲ್ಲವ್ವನ ಕಡೆ ಹೊರಳಿದವು. ತುಳಸಾಬಾಯಿಯ ನಾಲಿಗೆ ತಾನಾಗಿಯೇ ಮಗುಚಿತು. ವಿಷ ಹಾಕಿದವನು ಗಂಡನ ಕಚೇರಿಯ ಮ್ಯಾನೇಜರ, ಹೆಂಡತಿ ಪಾಪ ಏನೂ ಅರಿಯದವಳು, ಅವಳನ್ನು ಸಾಕ್ಷಿಗೆ ಕರೆಯುತ್ತಿದ್ದಾರೆ ಎಂದುಬಿಟ್ಟರು. ಕಥೆಯ ಪೊಲೀಸ ಬೇಡಿ ಹೊರತೆಗೆದಾಗ ಚಿತ್ರ ಕುಣಿಯುತ್ತಿದೆಯೆಂದು ಎದ್ದು, ಟಿವಿಗೆ ಅಡ್ಡ ನಿಂತು, ಮುಗಿಯುವವರೆಗೆ ಗುಂಡಿ ತಿರುವಿದರು. ಓಣಿ ನಂಬಿತು. ಮರುದಿನ ನೀರಿಗೆ ಹೋಗುವಾಗ ಇಬ್ಬರು ಹೆಂಗಸರು ಯಲ್ಲವ್ವನ ಜೊತೆಗೂಡಿದರು. ಹಿಂದಿ ಬಲ್ಲ ಕೃಷ್ಣಾಜಿ ಸಂಜೆ ಚಹಾ ಕುಡಿಯುತ್ತ ಒಂದೇ ಮಾತು ಹೇಳಿದ್ದರು: "ಕೋರ್ಟಿನಾಗ ಹಿಂಗ ತರ್ಜುಮೆ ಮಾಡಿದ್ರ ನೌಕರಿ ಹೋಗ್ತದ."

ಈಗ ಆ ಸುಳ್ಳು ಕನ್ನಡದಲ್ಲೇ ಬಯಲಾಗಲಿತ್ತು. ಬರೀ ಸುಳ್ಳಿನ ಮಾತಾಗಿದ್ದರೆ ತುಳಸಾಬಾಯಿ ನಕ್ಕು ಮರೆಸುತ್ತಿದ್ದರು. ಆದರೆ ಅದು ತಿಳಿದರೆ ಅದರ ಹಿಂದಿನದೂ ತಿಳಿಯುತ್ತದೆ. ಎಲ್ಲರ ಹಾಗೆ ತನಗೂ ಅವತ್ತು ಅನುಮಾನವಿತ್ತು, ಅದಕ್ಕೇ ಕಥೆ ಬದಲಿಸಿದೆ ಎಂಬುದು ಯಲ್ಲವ್ವನಿಗೆ ಹೊಳೆಯದೆ ಇದ್ದೀತೆ? ಕರೆಂಟಾದರೂ ಹೋಗಲಿ ಎಂದು ದೇವರಿಗೆ ಬೇಡಿಕೊಂಡರು. ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು ಅವತ್ತು ಗಟ್ಟಿಯಾಗಿ ಕುಳಿತಿತ್ತು. ಎದುರಿನ ಪವರಲೂಮುಗಳು ಒಂದೇ ಸಮನೆ ಬಡಿಯುತ್ತಿದ್ದವು.

ಪತ್ತೇದಾರ ಕೊಡೆ ಮಡಿಚಿದ. ಪೊಲೀಸನ ಕೈಯಲ್ಲಿ ಬೇಡಿ ಕಂಡಿತು. ತುಳಸಾಬಾಯಿ ಎಪ್ಪತ್ತರ ಮೊಣಕಾಲನ್ನೂ ಲೆಕ್ಕಿಸದೆ ಎದ್ದು ಹೋಗಿ ಟಿವಿಗೆ ಅಡ್ಡ ನಿಂತರು. ತಿರುವಲು ಈಗ ಗುಂಡಿಯಿರಲಿಲ್ಲ. ಹಾಲಿಗೆ ವಿಷ ಬೆರೆಸಿದವರು ನೀವೇ ಎಂದು ಅವರ ಬೆನ್ನ ಹಿಂದಿನಿಂದ ಅಚ್ಚ ಕನ್ನಡದಲ್ಲಿ ಕೇಳಿಸಿತು.

"ಕುಂದರ್ರಿ ಬಾಯಾರ, ಕಾಲು ನೋಯತಾವು," ಎಂದಳು ಯಲ್ಲವ್ವ. "ಆಕೀನ ಹಾಕ್ಯಾಳ ಅನ್ನೂದು ನನಗ ಅವತ್ತ ತಿಳಿದಿತ್ತು. ಮುಂಬಯಿ ಕಡೆ ಭಿವಂಡಿಯೊಳಗ ಐದು ವರ್ಷ ದುಡದಾಕಿ ನಾ. ಹಿಂದಿ ನಿಮಗಿಂತ ಛಲೋ ಬರತಿತ್ತು."

ತುಳಸಾಬಾಯಿ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕುಳಿತರು. ತುಂಬ ನಾಚಿಕೆಯಾಯಿತು. ಮೂವತ್ತೈದು ವರ್ಷ ಕೇಳದೇ ಉಳಿಸಿಕೊಂಡಿದ್ದ ಪ್ರಶ್ನೆ ಗಂಟಲವರೆಗೆ ಬಂತು. ಅದನ್ನು ನುಂಗಿ ಬೇರೆಯದನ್ನು ಕೇಳಿದರು.

"ಮತ್ತ ಪ್ರತಿ ಐತವಾರ ಯಾಕ ಬರ್ತಿದ್ದಿ?"

"ನೀವು ಹೇಳೂದು ಕೇಳಾಕ."

ಯಲ್ಲವ್ವ ಮಡಿಲಿನ ರಿಮೋಟು ಎತ್ತಿ ಧ್ವನಿ ಪೂರ್ತಿ ಇಳಿಸಿದಳು. ಪರದೆಯ ಮೇಲೆ ಆ ಹೆಂಗಸು ಏನೋ ಹೇಳುತ್ತ ಮೆಟ್ಟಿಲಿಳಿಯುತ್ತಿದ್ದಳು. ಕೈಗೆ ಬೇಡಿಯಿತ್ತು, ಮಾತು ಕೇಳುತ್ತಿರಲಿಲ್ಲ. ಯಲ್ಲವ್ವ ಚುರಮುರಿಯ ತಾಟು ಸರಿಸಿ, ತುಳಸಾಬಾಯಿಯ ಕಾಲ ಬಳಿಗೆ ಸರಿದು ಕುಳಿತು ಕಾಯ್ದಳು.

ತುಳಸಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು.

"ವಿಷ ಹಾಕಿದಾಂವ ಮ್ಯಾನೇಜರ," ಎಂದರು. "ಆಕಿನ್ನ ಸಾಕ್ಷಿ ಹೇಳ್ಲಿಕ್ಕೆ ಕರಕೊಂಡು ಹೊಂಟಾರ."